ಎರಡು ಸ್ವರ ಬಿಟ್ಟ ಜಾಗ

ಸ್ವಲ್ಪ ತಡೆಯಿರಿ, ಈಗಲೇ ಪುಟ ತಿರುವಬೇಡಿ. ಮೊದಮೊದಲು ಇದು ಬರೀ ಕೊಳಲಿನ ವಿಷಯ ಅನ್ನಿಸುತ್ತದೆ, ಯಾವನೋ ಒಬ್ಬ ತನ್ನ ಹುಚ್ಚಿನ ಬಗ್ಗೆ ಬಡಬಡಿಸುತ್ತಿದ್ದಾನೆ ಅನ್ನಿಸುತ್ತದೆ. ಕುರಿಗಳು ಬರುವವರೆಗೆ ಕಾಯಿರಿ. ಅಲ್ಲಿಂದ ಮುಂದೆ ನಡೆದದ್ದು ಏನೆಂದು ನನಗೇ ಇನ್ನೂ ತಿಳಿದಿಲ್ಲ. ನಿಮಗಾದರೂ ತಿಳಿದೀತೆಂದು ಬರೆಯುತ್ತಿದ್ದೇನೆ.

ನಾನು ಇಂಥದ್ದನ್ನೆಲ್ಲ ನಂಬುವವನಾಗಿರಲಿಲ್ಲ. ನಮ್ಮೂರು ಕೊಪ್ಪಳದ ಹತ್ತಿರದ ಕಿನ್ನಾಳ. ಕಟ್ಟಿಗೆಯಲ್ಲಿ ದೇವರು, ಗೊಂಬೆ, ತೊಟ್ಟಿಲು ಮಾಡುವುದು ನಮ್ಮ ಮನೆಯ ಕಸುಬು. ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿ ಎಷ್ಟೋ ದೇವತೆಯರಿಗೆ ನಾನೇ ಮೂಗು ಕೂಡಿಸಿದ್ದೇನೆ. ಮುಂಜಾನೆ ಅಪ್ಪನ ಜೊತೆ ಕುಳಿತು ದುರ್ಗವ್ವನ ಕಣ್ಣಿಗೆ ಕಪ್ಪು ಬಳಿದವನು ಸಂಜೆ ಹುಣಸೆ ಮರದ ದೆವ್ವಕ್ಕೆ ಹೆದರುವುದು ಹೇಗೆ? ಯಾರಾದರೂ ವಿಚಿತ್ರ ಕಥೆ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ.

ಇನ್ನು ಕೊಳಲು. ನನಗೆ ಯಾರೂ ಕಲಿಸಲಿಲ್ಲ. ಬಿದಿರಿಗೆ ಕಾದ ಕಬ್ಬಿಣದಿಂದ ತೂತು ಸುಟ್ಟುಕೊಂಡು, ಭಜನೆ ಮೇಳದವರ ಹಿಂದೆ ಕುಳಿತು, ಕೇಳಿ ಕೇಳಿ ಕಲಿತದ್ದು. ಆಗ ನನಗೆ ಹತ್ತೊಂಬತ್ತು. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ಒಂದು ಬೇಸಿಗೆ ಖಾಸಿಂ ಚಾಚಾ ನಮ್ಮ ಮನೆಗೆ ಬಂದರು. ಅವರು ಕೊಪ್ಪಳದ ಸ್ಟೇಷನ್ನಿನಲ್ಲಿ ಟ್ರಾಲಿ ನೂಕುವವರು. ಹಳಿ ತಪಾಸಣೆ ಮಾಡುವ ಸಾಹೇಬರು ಟ್ರಾಲಿಯ ಮೇಲೆ ಕೊಡೆ ಹಿಡಿದು ಕೂತರೆ, ಚಾಚಾ ಮತ್ತು ಇನ್ನು ಮೂವರು ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತ ನೂಕಬೇಕು. ಅವರು ಬಟ್ಟೆಯ ಗಂಟು ಬಿಚ್ಚಿ ಅಪ್ಪನ ಮುಂದೆ ಇಟ್ಟದ್ದು ಒಂದು ಕರಿಮರದ ಕೊಳಲು. ಆರು ತೂತು, ನಮ್ಮ ಕೊಳಲಿನ ಹಾಗೆಯೇ ಅಡ್ಡ ಹಿಡಿಯುವಂಥದ್ದು. ಮೈ ಉದ್ದಕ್ಕೂ ಸೀಳು.

"ನಮ್ಮ ಸಾಹೇಬರ ಕೊಳಲ ಬಾಯಿ ಬಿಟ್ಟೈತ್ರಿ. ಮೂರು ದಿನದಿಂದ ಅವರೂ ಊಟ ಬಿಟ್ಟಾರ," ಅಂದರು ಚಾಚಾ.

"ಇಂಗ್ರೇಜಿ ಸಾಹೇಬನೇನ?" ಅಪ್ಪ ಕೇಳಿದ.

"ಹಂಗನ್ನಬ್ಯಾಡ್ರಿ ಅಣ್ಣಾ, ಟ್ರಾಲಿಯಿಂದ ಇಳಿದು ಜಗಳಕ್ಕ ನಿಂದರ್ತಾರ. ಅವರ ದೇಶ ಬ್ಯಾರೆ. ಐರ್ಲೆಂಡ್ ಅಂತ. ಅಲ್ಲಿ ವರ್ಷಾನಗಟ್ಟಲೆ ಮಳಿ ಅಂತ್ರಿ. ನಮ್ಮ ಬಿಸಿಲಿಗೆ ಆ ಮಳಿಕೊಳಲ ಏನ್ ತಡೀತೈತಿ?"

ಸೀಳಿಗೆ ಅಂಟು ತುಂಬಿ, ಮೇಣ ಹಚ್ಚಿದ ದಾರವನ್ನು ಬಿಗಿಯಾಗಿ ಸುತ್ತಿ, ಅರಗು ಕೊಟ್ಟು, ನಾನೇ ಅದನ್ನು ಕೊಪ್ಪಳಕ್ಕೆ ಒಯ್ದೆ. ಕೋನರ್ ಸಾಹೇಬರು, ಅದು ಅವರ ಹೆಸರು, ಕೊಳಲನ್ನು ತೆಗೆದುಕೊಂಡು ಮೊದಲು ಮೂಸಿ ನೋಡಿದರು. ಆಮೇಲೆ ಊದಿದರು. ಒಂದು ಹಾಡು ಹೊರಟಿತು ನೋಡಿ, ಆರಾರು ಮಾತ್ರೆಯ ಕುಣಿತದ ಹಾಡು, ಸುತ್ತಿ ಸುತ್ತಿ ಬರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಚಾಚಾ ಬಾಗಿಲಲ್ಲಿ ನಿಂತು ನನ್ನ ಕಿವಿಯಲ್ಲಿ, "ಆಡಿನ ಮರಿ ಜಿಗಿದಂಗ ಐತಿ ಹೌದಿಲ್ಲೋ?" ಅಂದರು. ಆ ಹಾಡು ನನಗೆ ಬೇಕಾಗಿತ್ತು, ಅಷ್ಟೇ.

ಕೊಳಲು ಮತ್ತೆ ಸೀಳಬಾರದೆಂದರೆ ಎಂಟು ದಿನಕ್ಕೊಮ್ಮೆ ಒಳಗೆ ಕುಸುಬೆ ಎಣ್ಣೆ ಹಚ್ಚಬೇಕು ಎಂದು ಹೇಳಿದೆ. ಹಚ್ಚುವ ಕೆಲಸ ನನ್ನದೇ ಆಯಿತು. ಎಣ್ಣೆ ನೆಪ, ಪಾಠ ನಿಜ. ಇಬ್ಬರದ್ದೂ ಹರಕುಮುರುಕು ಹಿಂದುಸ್ತಾನಿ ಮಾತು, ಆದರೂ ಕೆಲಸ ನಡೆಯಿತು.

ಅವರು ಕಲಿಸುವ ರೀತಿಯನ್ನು ಹೇಳಲೇಬೇಕು, ಏಕೆಂದರೆ ಎಲ್ಲ ಇರುವುದೇ ಅದರಲ್ಲಿ. ಕಾಗದವಿಲ್ಲ, ಬರಹವಿಲ್ಲ. ಅವರು ಒಂದು ತುಣುಕು ನುಡಿಸುತ್ತಾರೆ, ನಾನು ತಿರುಗಿ ನುಡಿಸಬೇಕು, ಸರಿ ಬಂದರೆ ಮುಂದಿನ ತುಣುಕು. ಈ ಹಾಡುಗಳಲ್ಲಿ ಉಸಿರು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ನುಡಿಸುವವನು ಯಾವುದಾದರೂ ಒಂದು ಸ್ವರವನ್ನು ಬಿಟ್ಟು, ಆ ಸಂದಿಯಲ್ಲಿ ಉಸಿರು ಎಳೆದುಕೊಳ್ಳಬೇಕು. ಯಾವ ಸ್ವರ ಬಿಡಬೇಕು ಅನ್ನುವುದು ಗುರುವಿನಿಂದ ಬರುತ್ತದೆ. ಬಿಟ್ಟ ಜಾಗ ಕೇಳಿಯೇ, ಇವನು ಇಂಥವರ ಶಿಷ್ಯ ಎಂದು ಅವರ ದೇಶದಲ್ಲಿ ಹೇಳಿಬಿಡುತ್ತಾರಂತೆ.

ಸಾಹೇಬರ ಗುರು ಹುಲ್ಲಿನ ಮಾಡು ಹೊದಿಸುವ ಕಸುಬಿನವನು. ಆಯುಷ್ಯವೆಲ್ಲ ಹುಲ್ಲಿನ ಧೂಳು ಕುಡಿದು ಎದೆ ಕೆಟ್ಟಿತ್ತು. ಅವನಿಗೆ ಒಂದು ಸ್ವರದ ಸಂದಿ ಸಾಲುತ್ತಿರಲಿಲ್ಲ, ಎರಡು ಬೇಕು. ಅದೂ ಎಲ್ಲರೂ ಒತ್ತಿ ನುಡಿಸುವ ಜಾಗದಲ್ಲಿಯೇ ಬೇಕು. ಕುಣಿಯುವವನ ಕಾಲು ನೆಲಕ್ಕೆ ಬೀಳುವ ಹೊತ್ತಿಗೆ ನೆಲವೇ ಇಲ್ಲದ ಹಾಗೆ! ಬೇರೆ ಊರಿನ ಕೊಳಲಿನವರು ನಗುತ್ತಿದ್ದರಂತೆ. ಆದರೆ ಅವನ ಶಿಷ್ಯರೆಲ್ಲರೂ, ಎದೆ ಗಟ್ಟಿ ಇದ್ದವರೂ, ಅಲ್ಲಿಯೇ ಬಿಡುತ್ತಿದ್ದರು. ಸಾಹೇಬರೂ ಬಿಡುತ್ತಿದ್ದರು. ನಾನೂ ಬಿಟ್ಟೆ.

ಮೊದಲ ದಿನ ಕೇಳಿದ ಹಾಡು ಆ ಗುರು ತಾನೇ ಕಟ್ಟಿದ್ದು. ಅದರ ಮೊದಲ ಅರ್ಧವನ್ನು ನಾನು ಎರಡು ತಿಂಗಳಲ್ಲಿ ಕಲಿತೆ. ಎರಡನೆಯ ಅರ್ಧ ಕೇಳಿದಾಗ ಸಾಹೇಬರು ಕೊಳಲನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅದು ಅವರ ಹತ್ತಿರ ಇರಲಿಲ್ಲ. ಹಡಗು ಹತ್ತುವ ಮುಂಚಿನ ಸಂಜೆ ಗುರು ಕಲಿಸಿದ್ದ. ಹಡಗಿನಲ್ಲಿಯೂ ನುಡಿಸಿಕೊಂಡು ಬಂದಿದ್ದರು. ಈ ದೇಶಕ್ಕೆ ಕಾಲಿಟ್ಟ ವರ್ಷವೇ ಭಾರಿ ಜ್ವರ ಬಂತು. ಎದ್ದು ಕೂತಾಗ ಆ ಅರ್ಧ ತಲೆಯಲ್ಲಿ ಇರಲಿಲ್ಲ. ಗುರು ಸತ್ತ. ಜೊತೆಗೆ ಕಲಿತವರಲ್ಲಿ ಒಬ್ಬ ಹಿಂದಿನ ಯುದ್ಧದಲ್ಲಿ ಹೋದ, ಇನ್ನೊಬ್ಬ ಎಲ್ಲಿದ್ದಾನೋ ಗೊತ್ತಿಲ್ಲ.

ಈಗ ಗುರುವಿನ ಮಗಳ ಕಾಗದ ಬಂದಿತ್ತು. ಸಾಹೇಬರು ಕೆಲಸ ಮುಗಿಸಿ ಮಾಘ ಮಾಸದಲ್ಲಿ ಕಾಯಂ ಊರಿಗೆ ಹೋಗುವವರಿದ್ದರು. 'ಅಪ್ಪನ ಹಾಡು ಇಲ್ಲಿ ಯಾರ ಹತ್ತಿರವೂ ಉಳಿದಿಲ್ಲ, ನನಗೂ ನೆನಪಿಲ್ಲ, ನೀವು ತರುತ್ತೀರಿ ಎಂದು ಕಾಯುತ್ತಿದ್ದೇನೆ' ಎಂದು ಆಕೆ ಬರೆದಿದ್ದಳು. ಆಕೆಗೆ ಅರವತ್ತು ದಾಟಿತ್ತು. ಅರ್ಧ ಹಾಡು ಹಿಡಿದುಕೊಂಡು ಆಕೆಯ ಬಾಗಿಲಿಗೆ ಹೇಗೆ ಹೋಗಲಿ ಎಂಬುದು ಸಾಹೇಬರ ಚಿಂತೆ. ಟ್ರಾಲಿಯ ಮೇಲೆ ಕೂತರೂ ಅವರ ಬೆರಳುಗಳು ತೊಡೆಯ ಮೇಲೆ ಆಡುತ್ತಿರುತ್ತವೆ, ಅರ್ಧಕ್ಕೆ ನಿಂತುಬಿಡುತ್ತವೆ ಎಂದು ಚಾಚಾ ಹೇಳುತ್ತಿದ್ದರು.

ಇಲ್ಲಿ ನಾನು ಒಂದು ಮೂರ್ಖತನ ಮಾಡಿದೆ. ಎರಡನೆಯ ಅರ್ಧವನ್ನು ನಾನೇ ಕಟ್ಟಿದೆ. ಮುರಿದ ಗೊಂಬೆಗೆ ಕೈ ಕೂಡಿಸುವ ಮನೆಯವನಲ್ಲವೇ, ಹಾಡಿಗೂ ಕೂಡಿಸಬಹುದು ಅಂದುಕೊಂಡೆ. ಎರಡು ಸ್ವರ ಬಿಡುವ ಜಾಗವನ್ನೂ ಮರೆಯದೆ ಇಟ್ಟು ಹೋಗಿ ನುಡಿಸಿದೆ. ಸಾಹೇಬರು ಪೂರ್ತಿ ಕೇಳಿದರು. "ಚೆನ್ನಾಗಿದೆ. ಆದರೆ ಇದು ನಿನ್ನದು, ಅವನದಲ್ಲ," ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಬಂದಾಗ ಚಾಚಾ, "ಲೇ ಕಿನ್ನಾಳದ ಬ್ರಹ್ಮಾ, ಸತ್ತವರ ಹಾಡಿಗೂ ಬಣ್ಣ ಹಚ್ಚಾಕ ಹೋಗಿದ್ದೇನೋ?" ಅಂದರು. ನಾನು ಆ ವಾರ ಎಣ್ಣೆ ಹಚ್ಚಲು ಹೋಗಲಿಲ್ಲ.

ಸಾಹೇಬರು ಹೊರಡಲು ಆರು ದಿನ ಇತ್ತು. ಯಲಬುರ್ಗಾದ ಒಂದು ಮನೆಗೆ ಬಣ್ಣದ ತೊಟ್ಟಿಲು ಮುಟ್ಟಿಸಲು ಅಪ್ಪ ನನ್ನನ್ನು ಕಳಿಸಿದ. ಹೋಗುವಾಗ ಬಂಡಿ ಸಿಕ್ಕಿತು. ಬರುವಾಗ ಸಿಗಲಿಲ್ಲ, ನಡೆದೇ ಹೊರಟೆ. ಜೋಳ ಕಿತ್ತು ಆಗಿತ್ತು. ಎರೆಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ನನ್ನ ಬಿದಿರು ಕೊಳಲು ಬುತ್ತಿಯ ಗಂಟಿನೊಳಗೆ, ಬಟ್ಟೆ ಸುತ್ತಿ ಬಿಗಿದು ಕಟ್ಟಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೆತ್ತಿಯ ಮೇಲಿನ ಸೂರ್ಯ ಆಗಷ್ಟೇ ಸರಿದಿದ್ದ. ಒಂದು ಹಳ್ಳ, ಅದರ ದಂಡೆಗೆ ಬೇವಿನ ಮರಗಳು, ನೆರಳಲ್ಲಿ ಕುರಿಹಿಂಡು. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಅಂಥ ಹಿಂಡು. ಕಂಬಳಿ ಹಾಸಿಕೊಂಡು ಒಬ್ಬ ಕೊಳಲು ಊದುತ್ತಿದ್ದ. ನಾನು ದೂರದಿಂದ ಕೇಳುತ್ತ ಬಂದೆ. ಕುರುಬರ ಹಾಡು ಯಾವುದೋ ಹೊಸದು ಅಂದುಕೊಂಡೆ. ಹತ್ತಿರ ಬಂದಂತೆ ಕಾಲು ತಾನಾಗಿ ಆರಾರು ಮಾತ್ರೆಗೆ ಬೀಳತೊಡಗಿತು. ಆಮೇಲೆ ಒಂದು ಕಡೆ ಕೊಳಲು ನಿಂತಿತು. ಸರಿಯಾಗಿ ಎರಡು ಸ್ವರದಷ್ಟು. ಒತ್ತಿ ನುಡಿಸಬೇಕಾದ ಜಾಗದಲ್ಲಿ.

ನಾನು ನಿಂತುಬಿಟ್ಟೆ. ಹಾಡು ಸುತ್ತಿಕೊಂಡು ಬಂದು ಮೇಲೇರಿತು, ಇಳಿಯಿತು, ಇಳಿದು ಎಲ್ಲಿಗೆ ಸೇರಿತು ಗೊತ್ತೇ? ನನಗೆ ಗೊತ್ತಿದ್ದ ಮೊದಲ ಅರ್ಧಕ್ಕೆ. ಅದೇ ಮೊದಲ ಅರ್ಧ, ಸಾಹೇಬರ ಬಂಗಲೆಯಲ್ಲಿ ತುಣುಕು ತುಣುಕಾಗಿ ಕಲಿತದ್ದು, ಯಲಬುರ್ಗಾದ ಬೇವಿನ ಕೆಳಗೆ. ಅದು ಮುಗಿದು ಮತ್ತೆ ಆ ಗೊತ್ತಿಲ್ಲದ ಅರ್ಧ. ಕುರಿಗಳು ಒಂದೊಂದಾಗಿ ಎದ್ದು ನೀರಿಗೆ ಇಳಿಯುತ್ತಿದ್ದವು. ನನ್ನ ತೋಳಿನ ಕೂದಲು ನೆಟ್ಟಗೆ ನಿಂತದ್ದನ್ನು ನಾನೇ ನೋಡಿಕೊಂಡೆ. ಅಂಥ ಬಿಸಿಲಿನಲ್ಲಿ.

ಅವನ ಹೆಸರು ಮುದಿಯಪ್ಪ. ನಲವತ್ತರ ಗಂಡಸು. ಇದು ಯಾರ ಹಾಡು ಎಂದು ಕೇಳಿದೆ.

"ಯಾರದಂದ್ರ? ಕುರಿ ನೀರಿಗೆ ಇಳಸೋದ್ರಿ ಇದು."

"ನಡುವ ನಿಲ್ಲಸ್ತೀಯಲ್ಲ, ಅದ್ಯಾಕ?"

"ಉಸುರು ಬ್ಯಾಡೇನ್ರಿ ಮನಷ್ಯಾಗ?"

"ಬ್ಯಾರೆ ಕಡೆ ತಗೊಂಡ್ರ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾರೆ ಕಡೆ ತಗೊಂಡ್ರ ಕುರಿ ನಿಂದರ್ತಾವ್ರಿ. ಅವಕ್ಕ ಗೊತ್ತಾಗ್ತೈತಿ."

ನಾನು ಅಲ್ಲಿಯೇ ಕೂತು ಗಂಟು ಬಿಚ್ಚಿದೆ. ಬಿಗಿದಿದ್ದ ಗಂಟು ಕೈಗೆ ಬರದೆ ಹಲ್ಲಿನಿಂದ ಬಿಚ್ಚಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಹೊತ್ತು ಇಳಿಯುವವರೆಗೆ ಅವನ ಜೊತೆ ನುಡಿಸಿದೆ. ಸಾಹೇಬರ ರೀತಿಯಲ್ಲಿಯೇ, ತುಣುಕು ತುಣುಕಾಗಿ. ಅವನ ಹೆಂಡತಿ ಮಾಳವ್ವ ರೊಟ್ಟಿ ಕೊಟ್ಟು, "ಈ ತಮ್ಮಗ ಊಟಕ್ಕಿಂತ ಊದೂದ ಭಾಳ ಆಗೇತಿ," ಎಂದು ನಕ್ಕಳು. ಅವನ ಕೊಳಲಿನಲ್ಲಿ ಒಂದು ಸ್ವರ ಮಾತ್ರ ವಕ್ರವಾಗಿತ್ತು. ಸರಿಗಮದ ಕೊನೆಯ ನಿಷಾದ, ತಗ್ಗಿನ ಕೋಮಲವೂ ಅಲ್ಲ, ಮೇಲಿನ ಶುದ್ಧವೂ ಅಲ್ಲ, ನಡುವೆ ಎಲ್ಲಿಯೋ. ತೂತು ಸುಡುವಾಗ ತಪ್ಪಿದೆ ಅಂದುಕೊಂಡೆ. ಕಿನ್ನಾಳಕ್ಕೆ ಬರುವ ದಾರಿಯಲ್ಲಿ ಹಾಡನ್ನು ಮರೆಯಬಾರದೆಂದು ನುಡಿಸುತ್ತ ಬಂದಾಗ ಅದನ್ನು ಶುದ್ಧವಾಗಿ ತಿದ್ದಿಕೊಂಡೆ. ಸ್ವಂತ ಕಲಿತವರ ರೋಗವೇ ಇದು, ಸಿಕ್ಕದ್ದನ್ನೆಲ್ಲ ತಿದ್ದುವುದು.

ಮೂರನೆಯ ದಿನ ಕೊಪ್ಪಳಕ್ಕೆ ಓಡಿದೆ. ಸಾಹೇಬರು ಪುಸ್ತಕದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು, ಖಾಸಿಂ ಚಾಚಾ ಹಲಗೆ ಹಿಡಿದಿದ್ದರು. ಎರಡನೆಯ ಅರ್ಧ ಸಿಕ್ಕಿದೆ ಎಂದೆ. ಸಾಹೇಬರು ತಲೆ ಎತ್ತಲಿಲ್ಲ. ಮತ್ತೆ ನಾನೇ ಕಟ್ಟಿ ತಂದಿದ್ದೇನೆ ಅಂದುಕೊಂಡರು, ತಪ್ಪೇನಿಲ್ಲ. "ನುಡಿಸು," ಎಂದು ಮೊಳೆ ಹೊಡೆಯುತ್ತಲೇ ಇದ್ದರು. ಸುತ್ತಿಗೆಯ ಸದ್ದಿನ ನಡುವೆ ನುಡಿಸಿದೆ. ಎರಡು ಸ್ವರ ಬಿಡುವ ಜಾಗ ಬಂತು, ಬಿಟ್ಟೆ. ಸುತ್ತಿಗೆ ಎದ್ದದ್ದು ಕೆಳಗೆ ಬರಲಿಲ್ಲ.

ಮುಗಿಸಿ ನೋಡಿದರೆ ಅವರ ಮುಖ ಸುಣ್ಣದ ಹಾಗಾಗಿತ್ತು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ಇನ್ನೊಮ್ಮೆ ಎಂದು ಬೆರಳಿನಲ್ಲಿ ತೋರಿಸಿದರು. ಎರಡನೆಯ ಸಲ ನಾನು ಆ ನಿಷಾದಕ್ಕೆ ಬಂದಾಗ ಥಟ್ಟನೆ ಕೈ ಎತ್ತಿದರು.

"ಅಲ್ಲ, ಅದು ಅಷ್ಟು ಮೇಲಲ್ಲ," ಅಂದರು. "ಅರ್ಧ. ಅವನು ಇಲ್ಲಿ ಅರ್ಧ ಬೆರಳು ಮುಚ್ಚುತ್ತಿದ್ದ."

ತಮ್ಮ ಕೊಳಲು ತೆಗೆದು, ತೂತನ್ನು ಅರ್ಧ ಮುಚ್ಚಿ ಊದಿ ತೋರಿಸಿದರು. ಅದು ಮುದಿಯಪ್ಪನ ಸ್ವರ. ಕೋಮಲವಲ್ಲ, ಶುದ್ಧವಲ್ಲ, ನಾನು ತಪ್ಪೆಂದು ತಿದ್ದಿ ಎಸೆದಿದ್ದ ಆ ವಕ್ರ ಸ್ವರವೇ. ನಾನು ಅದನ್ನು ಅವರಿಗೆ ಹೇಳಿಯೂ ಇರಲಿಲ್ಲ, ಕೇಳಿಸಿಯೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಆ ಹೊತ್ತು ಪಾಠ ತಿರುಗಿತ್ತು. ನಾನು ತುಣುಕು ಕೊಡುತ್ತಿದ್ದೆ, ಸಾಹೇಬರು ತಿರುಗಿ ನುಡಿಸುತ್ತಿದ್ದರು. ಚಾಚಾ ಹಲಗೆ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ, "ಇನ್ನ ಇದನ್ನ ಬಿಡ್ಲೇನ್ರಿ ಸಾಹೇಬ್ರ, ತೋಳು ಹೋತು," ಅಂದಾಗ ಮೂವರೂ ನಕ್ಕೆವು. ಸಾಹೇಬರು ನಗುತ್ತಲೇ ಕಣ್ಣು ಒರೆಸಿಕೊಂಡರು. ಎರಡು ದಿನ ಬಿಟ್ಟು ರೈಲು ಹತ್ತಿದರು. ಕಿಟಕಿಯಲ್ಲಿ ಕೂತ ಅವರ ಬೆರಳುಗಳು ಚೌಕಟ್ಟಿನ ಮೇಲೆ ಆಡುತ್ತಿದ್ದವು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಏನೋ ಒಂದು ಕಾರಣ ಹುಡುಕಿಕೊಂಡು ಸುಮ್ಮನಾಗುತ್ತಿದ್ದೆ. ಯಾವುದೋ ಕಾಲದಲ್ಲಿ ಯಾರೋ ಬಿಳಿಯ ಸಿಪಾಯಿ ಈ ಹಾಡನ್ನು ಇಲ್ಲಿ ಚೆಲ್ಲಿ ಹೋಗಿರಬಹುದು, ಕುರುಬರು ಹೆಕ್ಕಿಕೊಂಡಿರಬಹುದು. ಆದರೆ ಹಾಡು ಕಟ್ಟಿದವನು ಅದನ್ನು ಕೊನೆಗಾಲದಲ್ಲಿ ಕೆಲವೇ ಶಿಷ್ಯರಿಗೆ ಕೊಟ್ಟವನು, ಯಾವುದೋ ಸಿಪಾಯಿಗೆ ಅದು ಸಿಕ್ಕುವುದು ಹೇಗೆ? ಇರಲಿ, ಮುದಿಯಪ್ಪನನ್ನೇ ಕೇಳೋಣ ಎಂದು ಒಂದು ತಿಂಗಳ ಮೇಲೆ ಮತ್ತೆ ಹೋದೆ. ಹಿಂಡು ಕುಷ್ಟಗಿಯ ಕಡೆಗೆ ಸರಿದಿತ್ತು. ಎರಡು ದಿನ ಕೇಳುತ್ತ ಹೋಗಿ ಹಿಡಿದೆ. ಗುರುತು ಹಿಡಿದು ಮಜ್ಜಿಗೆ ಕೊಟ್ಟ. ಆ ಹಾಡು ನಿನಗೆ ಯಾರು ಕಲಿಸಿದರು ಎಂದೆ.

"ಯಾವ ಹಾಡ್ರಿ?"

ನುಡಿಸಿ ತೋರಿಸಿದೆ. ಅವನು ಅರಳಿದ ಮುಖದಿಂದ ಕೇಳಿ, "ಇದು ನಿಮ್ಮದಲ್ಲೇನ್ರಿ? ಆವತ್ತ ನೀವ ಊದಕೋಂತ ಬಂದ್ರಿ, ಕುರಿ ಎದ್ದು ನಿಂತ್ವು. ನಾ ನಿಮ್ಮದ ಕೇಳಿ ಊದಾಕ ಹತ್ತಿದ್ನಿ," ಅಂದ.

ನನ್ನ ಕೊಳಲು ಗಂಟಿನಲ್ಲಿತ್ತು, ಹಲ್ಲಿನಿಂದ ಬಿಚ್ಚಿದೆ ಎಂದು ಹೇಳಿದೆ. ಕುರಿ ನೀರಿಗೆ ಇಳಿಸುವ ಹಾಡು ಎಂದು ನೀನೇ ಹೇಳಿದೆ ಅಂದೆ.

"ಅದು ಬ್ಯಾರೇರಿ ತಮ್ಮಾ," ಎಂದು ಒಂದು ಹಾಡು ಊದಿದ. ಬೇರೆಯೇ ಹಾಡು. ಎಲ್ಲ ಕುರುಬರೂ ಊದುವಂಥದ್ದು. ಎಲ್ಲಿ ಬೇಕಾದರಲ್ಲಿ ಉಸಿರು ತೆಗೆದುಕೊಂಡ, ಕುರಿಗಳು ತಲೆಯನ್ನೂ ಎತ್ತಲಿಲ್ಲ. ಮಾಳವ್ವನನ್ನು ಕೇಳಿದೆ. "ನೀವ ಊದಕೋಂತ ಬಂದ್ರಿ ಎಪ್ಪಾ. ನಾ ಇವರಿಗಂದೆ, ನೋಡ್ರಿ, ಬಿಸಲಾಗ ಯಾರೋ ಹಾಡಕೋಂತ ಹೊಂಟಾರ ಅಂತ," ಎಂದಳು. ಇಬ್ಬರೂ ಸುಳ್ಳು ಹೇಳುವವರಲ್ಲ, ಹೇಳಿ ಅವರಿಗೆ ಆಗಬೇಕಾದ್ದೂ ಇಲ್ಲ.

ಅಂದಿನಿಂದ ಇಷ್ಟು ವರ್ಷ ಲೆಕ್ಕ ಹಾಕುತ್ತಲೇ ಇದ್ದೇನೆ. ಸಾಹೇಬರು ತಮಗೇ ಅರಿವಿಲ್ಲದೆ ಆ ಅರ್ಧವನ್ನು ಎಂದಾದರೂ ಗುನುಗಿದ್ದು ನನ್ನ ಕಿವಿಯ ಮೂಲೆಯಲ್ಲಿ ಬಿದ್ದಿತ್ತೇ? ಬಿಸಿಲಿನಲ್ಲಿ ನಡೆಯುವಾಗ ನಾನೇ ನುಡಿಸಿದೆನೇ? ಹಾಗಿದ್ದರೆ ಹಲ್ಲಿನಿಂದ ಬಿಚ್ಚಿದ ಗಂಟು ಯಾವುದು? ಸಾಹೇಬರು ಆಸೆಗೆ ಬಿದ್ದು ಏನನ್ನಾದರೂ ಒಪ್ಪಿಕೊಂಡರು ಅನ್ನುವಂತೆಯೂ ಇಲ್ಲ, ನಾನು ಕಟ್ಟಿದ್ದನ್ನು ಅವರು ಒಪ್ಪಿರಲಿಲ್ಲ. ಮುದಿಯಪ್ಪನ ಕೊಳಲಿನಲ್ಲಿ ಯಾವ ಹಾಡಿಗೂ ನಿಷಾದ ವಕ್ರವಾಗಿಯೇ ಬರುತ್ತದೆ, ಅದು ತೂತಿನ ದೋಷ, ನೋಡಿದ್ದೇನೆ. ಆದರೆ ಐರ್ಲೆಂಡಿನ ಹುಲ್ಲು ಹೊದಿಸುವವನ ಅರ್ಧ ಬೆರಳು ಬಂದು ಅದೇ ದೋಷದ ಮೇಲೆ ಹೇಗೆ ಕೂತಿತು?

ಸಾಹೇಬರಿಂದ ಒಂದೇ ಕಾಗದ ಬಂತು, ಯುದ್ಧದ ನಡುವೆ, ಎಷ್ಟೋ ತಿಂಗಳು ತಡವಾಗಿ, ಖಾಸಿಂ ಚಾಚಾನ ಹೆಸರಿಗೆ. ಸ್ಟೇಷನ್ ಮಾಸ್ತರರು ಓದಿ ಹೇಳಿದರು. ಗುರುವಿನ ಮಗಳ ಅಡುಗೆಮನೆಯಲ್ಲಿ ಕೂತು ಪೂರ್ತಿ ಹಾಡು ನುಡಿಸಿದರಂತೆ. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳಂತೆ. ಎರಡನೆಯ ಅರ್ಧದಲ್ಲಿ ಸ್ವರ ಬಿಡುವ ಜಾಗ ಬಂದಾಗ, ಅವರು ಉಸಿರು ಎಳೆಯುವ ಮುಂಚೆಯೇ ಆಕೆ ಸುಯ್ ಎಂದು ಜೋರಾಗಿ ಉಸಿರು ಎಳೆದಳಂತೆ, ತನ್ನ ಅಪ್ಪ ಎಳೆಯುತ್ತಿದ್ದ ಹಾಗೆಯೇ.

ಈಗ ಆ ಹಾಡು ಇಲ್ಲಿ ನನ್ನೊಬ್ಬನ ಹತ್ತಿರ ಇದೆ. ನುಡಿಸುವಾಗ ಎರಡು ಸ್ವರ ಬಿಡುತ್ತೇನೆ, ಅರ್ಧ ಬೆರಳು ಮುಚ್ಚುತ್ತೇನೆ, ತಿದ್ದಲು ಹೋಗುವುದಿಲ್ಲ. ಇಷ್ಟು ಕೇಳಿದಿರಿ, ಇನ್ನು ನಿಮ್ಮ ಸರದಿ. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯ ಹೊಲಗಳಲ್ಲಿ, ಒತ್ತಿ ನುಡಿಸಬೇಕಾದ ಜಾಗದಲ್ಲಿ ಸುಮ್ಮನಾಗುವ ಕೊಳಲನ್ನು ನೀವು ಎಂದಾದರೂ ಕೇಳಿದ್ದೀರಾ? ನೀವು ಮಾಡದ ಕೆಲಸವನ್ನು ನೀವೇ ಮಾಡಿದಿರಿ ಎಂದು ನಂಬಿಕೆಯ ಜನ ಎದುರು ಕೂತು ಹೇಳಿದ್ದುಂಟೇ? ಇದ್ದರೆ ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿ. ನಾನು ಎದ್ದು ಹೋಗುವುದಿಲ್ಲ, ಕೂತು ಓದುತ್ತೇನೆ.